ಬೆಂಗ್ರೆಯಲ್ಲಿ ಮೂವತ್ತೆಂಟು ದಿನ

ಬೆಳಿಗ್ಗೆ ಐದೂವರೆಗೆ ಹಾಸಿಗೆಯಲ್ಲಿ ಇವನಿಲ್ಲ.
ಹುಡುಕಿಕೊಂಡು ಹೋದರೆ ಕಡಲ ಬದಿಯ ಕಲ್ಲಿನ ಮೇಲೆ
ಅಂಗಿ ಉಲ್ಟಾ ತೊಟ್ಟು ಕೂತಿದ್ದಾನೆ ತನುಷ್,
ಪಡುವಣಕ್ಕೆ ಮುಖ ಮಾಡಿ.
ಏನು ಮಗಾ?
ಸೂರ್ಯ ಇನ್ನೂ ಬರಲಿಲ್ಲ, ಅಂದ.

ಅವನ ಲೆಕ್ಕ ತಪ್ಪಲ್ಲ.
ಸೊಹಾರಿನ ನಮ್ಮ ಮೂರನೇ ಮಾಳಿಗೆಯ ಕಿಟಕಿಯಲ್ಲಿ
ಏಳು ವರ್ಷ ಸೂರ್ಯ ಎದ್ದದ್ದು ನೀರಿನಿಂದಲೇ,
ನಾನು ರಾತ್ರಿಪಾಳಿ ಮುಗಿಸಿ
ರಕ್ತದ ಸೀಸೆಗಳ ನಂಬರು ಇನ್ನೂ ಕಣ್ಣಲ್ಲಿಟ್ಟುಕೊಂಡು
ಮೆಟ್ಟಿಲು ಹತ್ತುವ ಹೊತ್ತಿಗೆ.
ಅವನ ಚಿತ್ರದ ಪುಸ್ತಕದಲ್ಲಿ ಕಡಲು ಅಂದರೆ ಬೆಳಗು.
ನನಗೆ ಕಡಲು ಅಂದರೆ ಸಂಜೆ,
ಬಲೆಯ ರಾಶಿಯ ಹಿಂದಿನಿಂದ ಯಾರೋ ನನ್ನ ಹೆಸರು ಕೂಗಿ
ಕಾಲು ತೊಳೆದು ಒಳಗೆ ಬಾ ಅನ್ನುವುದು.
ಎಲ್ಲ ಒಂದೇ ನೀರು ಅಂತ ಹೇಳುವವರು ಹೇಳುತ್ತಾರೆ.
ಇರಬಹುದು.
ತಾಯಿ ಮಗ ಅದರ ಎರಡು ಅಂಚಿನಲ್ಲಿ ಬೆಳೆದೆವು.

ಅವನ ಹೆಗಲು ಹಿಡಿದು ತಿರುಗಿಸಿದೆ.
ನದಿಯಾಚೆ, ಬಂದರಿನ ಹಂಚಿನ ಗೋದಾಮುಗಳ ಮೇಲೆ
ಮೋಡದ ನಡುವೆ ಒಂದು ಕೆಂಪು ಕಲೆ.
ನೋಡಿದ. ನಂಬಿದಂತೆ ಕಾಣಲಿಲ್ಲ.

ವಾರಿಜಕ್ಕನ ಬುಟ್ಟಿಯಲ್ಲಿ ಅಂಜಲ್ ಕಂಡು
ಕನಾದ್! ಎಂದು ಕುಣಿದ.
ಆ ಹೆಸರಲ್ಲಿ ಕರೆದರೂ ಕ್ರಯ ಕಡಿಮೆಯಾಗುವುದಿಲ್ಲ
ಅಂತ ಹೇಳು ನಿನ್ನ ಅರಬಿಗೆ, ಅಂದಳು ಅಕ್ಕ,
ತಲೆಯ ತುಂಡು ಮಾತ್ರ ಇವನಿಗೇ ಎತ್ತಿಟ್ಟಳು.

ಪ್ರೇಕ್ಷಾಳಿಗೆ ಹನ್ನೆರಡು. ಅವಳ ತುಳುವಿನಲ್ಲಿ ತಪ್ಪಿಲ್ಲ,
ಆದರೆ ಅದು ಬರೀ ಅಡುಗೆಮನೆಯದು:
ಬಾ, ಉಣ್ಣು, ಮಲಗು, ಬಾಗಿಲಿಗೆ ಚಿಲಕ ಹಾಕು,
ಯಾರು ಬೆಲ್ ಒತ್ತಿದರೂ ತೆಗೆಯಬೇಡ.
ಮೊನ್ನೆ ದೋಣಿಯಲ್ಲಿ ಹುಡುಗಿಯರು ಏನೋ ಅಂದು ನಕ್ಕರು,
ಇವಳೂ ನಕ್ಕಳು,
ರಾತ್ರಿ ನನ್ನ ಬಳಿ ಬಂದು ಅರ್ಥ ಕೇಳಿದಳು.
ಹೇಳಲಾಗಲಿಲ್ಲ.
ನನ್ನ ಭಾಷೆಯಿಂದ ನಾನು ಇವಳಿಗೆ ಕೊಟ್ಟದ್ದು
ಅಪ್ಪಣೆಗಳನ್ನು ಮಾತ್ರ. ಬೈಗುಳ ಕೊಡಲಿಲ್ಲ,
ಗುಟ್ಟು ಹೇಳುವ ಬಗೆ ಕೊಡಲಿಲ್ಲ.
ಸಮಯ ಇರಲಿಲ್ಲ ಅಂದರೆ ನಿಜ. ಪೂರ್ತಿ ನಿಜ ಅಲ್ಲ.

ಇನ್ನೊಂದಿದೆ.
ಇವನಿಗೆ ಮೂರು ವರ್ಷವಿದ್ದಾಗ, ಜ್ವರ ನೂರ ಮೂರು ಏರಿದ ರಾತ್ರಿ
ನಾನು ಆಸ್ಪತ್ರೆಯಲ್ಲಿ ಬೇರೆ ಮಕ್ಕಳ ರಕ್ತ ನೋಡುತ್ತಿದ್ದೆ.
ಕೆಳಮನೆಯ ಉಮ್ಮ್ ಸಾಲಿಂ ಬಂದು ಹಣೆಗೆ ಒದ್ದೆ ಬಟ್ಟೆ ಇಟ್ಟು
ಏನೋ ಹಾಡಿದಳಂತೆ ಬೆಳಗಿನತನಕ.
ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ.
ಇವನು ಈಗಲೂ ನಿದ್ದೆ ಎಳೆಯುವಾಗ ಅದನ್ನೇ ಗುನುಗುತ್ತಾನೆ.
ಮಂತ್ರವಾ? ಕೇಳಿದಳು ವಾರಿಜಕ್ಕ, ಕೈಮುಗಿಯಲು ತಯಾರಾಗಿ.
ಹೌದು, ಅಂದೆ.

ಮೂವತ್ತೆಂಟನೇ ದಿನ. ನಾಲ್ಕು ಪೆಟ್ಟಿಗೆ, ದಡದಲ್ಲಿ ದೋಣಿ.
ಇವನು ಎಲ್ಲರಿಗೂ ಕೈ ಬೀಸಿ, ಪೋಪೆ, ಅಂದ.
ಹೋಗುತ್ತೇನೆ ಅನ್ನಬಾರದು ಮಾರಾಯ,
ಬರ್ಪೆ ಅನ್ನಬೇಕು, ಬರುತ್ತೇನೆ ಅನ್ನಬೇಕು
ಎಂದು ದೋಣಿಯವರೆಲ್ಲ ಒಂದೇ ಸಮ ತಿದ್ದಿದರು,
ಗುರುತಿಲ್ಲದ ಒಬ್ಬ ಹಾಲಿನವನೂ.

ನಡುನೀರಿಗೆ ಬಂದಾಗ ನನ್ನ ತೋಳು ಜಗ್ಗಿದ.
ಅಮ್ಮಾ, ಬರುವಾಗ ಉಮ್ಮ್ ಸಾಲಿಮಿಗೆ
ಹೋಗ್ತೇನೆ ಅಂತಲೇ ಹೇಳಿದೆನಲ್ಲ,
ಅವಳು ಏನು ತಿಳಿದಿರಬಹುದು?
ನಾಳೆ ನೀನೇ ಹೋಗಿ ಬಾಗಿಲು ತಟ್ಟು, ಅಂದೆ.
ಬೇಡ, ಈಗಲೇ.
ಫೋನು ಹಚ್ಚಿದೆ. ರಿಂಗಾಗುತ್ತಿತ್ತು.
ಬರ್ಪೆ, ಬರ್ಪೆ, ಎಂದು ಆಗಲೇ ಅಭ್ಯಾಸ ಮಾಡುತ್ತಿದ್ದ,
ಆಕೆಗೆ ತುಳು ಬಾರದೆಂಬುದು ಅವನಿಗೆ ಹೊಳೆಯಲೇ ಇಲ್ಲ.
ದೋಣಿಯವನು ಕೈ ಚಾಚಿದ.
ಅಲ್ಲೀಗ ಗಂಟೆ ಎಷ್ಟೆಂದು ಲೆಕ್ಕ ಹಾಕುತ್ತ
ಚಿಲ್ಲರೆ ಹುಡುಕಿದೆ;
ಸಿಕ್ಕಿದ್ದೆಲ್ಲ ಬೈಸಾ.